ತ್ರಿವೇಣಿಯ ಕುರ್ಚಿಯಿದ್ದ ಜಾಗ

ತುಮಕೂರಿನ ಬಸ್ ನಿಲ್ದಾಣದಲ್ಲಿ ಕುಣಿಗಲ್ ಬಸ್ಸಿಗೆ ಕಾಯುತ್ತ ಪರಮಶಿವಯ್ಯನವರು ರುದ್ರಾಕ್ಷಿ ಸರ ಹಿಡಿದು ಪಂಚಾಕ್ಷರಿಯನ್ನು ಜಪಿಸುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು. ಡಿ.ಟಿ.ಪಿ. ಅಂಗಡಿಯಲ್ಲಿ ಒಬ್ಬಳು ಹಸ್ತಪ್ರತಿಯನ್ನು ಓದಿ ಹೇಳುತ್ತಿದ್ದವಳು, ಇನ್ನೊಬ್ಬಳು ಅದನ್ನು ಕೇಳಿ ಟೈಪ್ ಮಾಡುವವಳು ಎಂಬುದು ಮಾತಿನಿಂದಲೇ ತಿಳಿಯುತ್ತಿತ್ತು.

“ನನ್ ಕುರ್ಚಿ ತೆಗ್ದ್ರಾ, ಶಶಿ?”

“ನಿನ್ನ ಕೆಲ್ಸ ಬುಡ್ಸಿದ್ ದಿನಾನೇ ತೆಗ್ದ್ರು ಕಣೇ ತ್ರಿವೇಣಿ. ಅಲ್ಲಿ ಇನ್ನೊಂದು ಮಾನಿಟರ್ ಇಟ್ಟವ್ರೆ. ಅದ್ರಲ್ಲಿ ಸ್ಕ್ಯಾನ್ ಮಾಡಿದ ಪುಟ, ಇದ್ರಲ್ಲಿ ನನ್ ಟೈಪಿಂಗು. ಓದೋರು ಬ್ಯಾಡ್ವಂತೆ.”

“ಅದು ಕೆಮ್ಮಲ್ಲ, ರಜಾ ಕೇಳಲ್ಲ. ಓನರ್‌ಗೆ ಸುಖ ಬುಡು.”

“ಸುಮ್ನಿರೇ. ಸಾಲು ಮುಗೀತಿದ್ದಂಗೆ ನನ್ ಕೈ ನಿಂತೋಗುತ್ತೆ. ನೀನು ‘ಹೂಂ, ಮುಂದಕ್ಕೆ’ ಅಂತೀಯಾಂತ ಕಾಯ್ತೀನಿ.”

“ಕಾಯ್ಬೇಡ. ನಿಧಾನ ಆದ್ರೆ ನಿನ್ನೂ ಕಳಿಸ್ತಾರೆ.”

“ನೀನ್ ಎಲ್ಲಿಗ್ ಹೊರಟೆ ಈಗ?”

“ಎಲ್ಲಿಗೂ ಇಲ್ಲ. ದಿನಾ ಬಂದಂಗೆ ಡಬ್ಬಿ ಕಟ್ಕೊಂಡು ಗುಬ್ಬೀಲಿ ಬಸ್ ಹತ್ಬಿಟ್ಟೆ. ಕೆಲ್ಸ ಇಲ್ಲ ಅಂತ ಇಲ್ಲಿ ಇಳಿದ್ಮೇಲೆ ನೆನಪಾಯ್ತು.”

ಶಶಿ ಗಡಿಯಾರ ನೋಡಿಕೊಂಡು ಎದ್ದಳು. ಹೆಜ್ಜೆ ಮಾತ್ರ ಕೀಳಲಿಲ್ಲ.

ತ್ರಿವೇಣಿ ತಲೆಯೆತ್ತದೆ, ಏರಿಳಿತವಿಲ್ಲದ ಸ್ಪಷ್ಟವಾದ ದನಿಯಲ್ಲಿ ಹೇಳಿದಳು:

“ಹೂಂ, ಮುಂದಕ್ಕೆ.”

ಶಶಿ ಅಂಗಡಿಯ ಕಡೆಗೆ ನಡೆದಳು. ಪರಮಶಿವಯ್ಯನವರ ಬೆರಳು ಇನ್ನೂ ಒಂದೇ ರುದ್ರಾಕ್ಷಿಯ ಮೇಲೆ ನಿಂತಿತ್ತು.