ಮಾವನ ಜಾಗ ಅಳಿಯನಿಗೆ

ಹಲೋ... ಹಲೋ? ಯಾರು ಮಾತಾಡುವುದು? ಸ್ವಲ್ಪ ಗಟ್ಟಿ ಹೇಳಿ, ಹುಲಿವೇಷದ ತಾಸೆಯ ಬಡಿತ ಬಿಟ್ಟು ಬೇರೆ ಎಂತದೂ ಕೇಳುವುದಿಲ್ಲ...

ಹಾಂ, ಜಯಪಾಲಣ್ಣನಾ! ನಮ್ಮ ಊರವರ ಸಂಘದ ಕಾರ್ಯದರ್ಶಿಗಳ ನಂಬ್ರ ನನ್ನಲ್ಲಿ ಉಂಟು, ಇದು ಬೇರೆ ನಂಬ್ರ, ಅದಕ್ಕೇ ಗುರ್ತ ಸಿಗಲಿಲ್ಲ. ಹೌದು, ಲೋಲಾಕ್ಷಿಯೇ ನಾನು...

ಓ, ಸಭೆಯ ಫೋನಾ? ಮೈಕಿಗೆ ಸಿಕ್ಕಿಸಿದ್ದಾ? ಅಂದರೆ ಈಗ ನಾನು ಹೇಳಿದ್ದು ಎಲ್ಲರಿಗೂ ಕೇಳ್ತಾ ಉಂಟಾ?... ಇಲ್ಲ ಅಲ್ವಾ. ನೀವು ಒತ್ತಿದ ಮೇಲೆ. ಸರಿ ಸರಿ...

ಇಲ್ಲೇ, ಅಬುಧಾಬಿಯಲ್ಲೇ. ಎಲೆಕ್ಟ್ರಾ ಸ್ಟ್ರೀಟಿನ ರೂಮಿನ ಹೊರಗೆ, ಮೆಟ್ಟಿಲಲ್ಲಿ ನಿಂತಿದ್ದೇನೆ. ಒಳಗೆ ಹೆಂಗಸರೆಲ್ಲ ಟೀವಿ ಹಾಕಿ ಕೂತಿದ್ದಾರೆ, ಒಂದು ಮಂಚದಷ್ಟೇ ಬಾಡಿಗೆಯ ಬೆಡ್ ಸ್ಪೇಸಿನಲ್ಲಿ ಮಾತಾಡಲಿಕ್ಕೆ ಜಾಗ ಎಲ್ಲಿ?...

ಬರಲಿಕ್ಕೆ ಎಂತ ಕಷ್ಟ, ಇವತ್ತು ಶಾಲೆ ಬಸ್ಸಿನ ಡ್ಯೂಟಿಯೂ ಇಲ್ಲ. ದುಬೈ ಬಸ್ಸು ಹತ್ತಿದ್ದರೆ ಬಂದೇ ಬರ್ತಿದ್ದೆ. ಆದರೆ ನೀವೇ ಹೇಳಿದ್ದಲ್ವಾ ಜಯಪಾಲಣ್ಣ, ಮೊನ್ನೆ ಆಟಿ ತಿಂಗಳಲ್ಲಿ ಗಂಡನನ್ನು ಕಳಕೊಂಡವಳು ವರ್ಷ ತುಂಬುವ ಮೊದಲು ಕೃಷ್ಣಾಷ್ಟಮಿಯ ದೀಪ ಹಚ್ಚುವ ವೇದಿಕೆಗೆ ಹತ್ತುವುದು ಚಂದ ಅಲ್ಲ ಅಂತ?... ಅಲ್ಲ ಅಲ್ಲ, ಬೇಜಾರಲ್ಲ. ನನ್ನ ಮುಖ ಆಗುವುದಿಲ್ಲ, ಸ್ವರ ಆಗ್ತದೆ. ಅಷ್ಟೇ ಅಲ್ವಾ?...

ಹಾಂ, ಬಾಯಿಪಾಠ ಆಗಿದೆ. ನೀವು ವಾಟ್ಸ್ಯಾಪಿನಲ್ಲಿ ಕಳಿಸಿದ್ದನ್ನು ಖಲೀಫಾ ಸಿಟಿಯ ಮಕ್ಕಳನ್ನು ಇಳಿಸಿ ಬರುವಾಗ ಹೇಳಿಕೊಂಡು ಹೇಳಿಕೊಂಡು, ಡ್ರೈವರಿಗೂ ಬಾಯಿಪಾಠ ಆಗಿದೆ. ಹೇಳಲಾ?... ಕೇಳಿ. "ಎಲ್ಲರಿಗೂ ನಮಸ್ಕಾರ. ನನ್ನ ಗಂಡ ಕೊರಗಪ್ಪನವರು ದುಬೈಯ ಅಲ್ ಕೂಜಿನ ತಮ್ಮ ರೂಮಿನಲ್ಲಿ, ಮಲಗಿದಲ್ಲೇ, ಹೃದಯ ನಿಂತು ತೀರಿಕೊಂಡರು. ಸಂಘದ ವಿಮೆಯಿಂದ ನನಗೂ ಮಗಳಿಗೂ ಆಸರೆಯಾಗಿದೆ. ಅಧ್ಯಕ್ಷರಾದ ಗುಣಪಾಲಣ್ಣ ನಮ್ಮ ಪಾಲಿಗೆ ದೇವರು..."

ಎಂತ? ಇನ್ನೊಮ್ಮೆಯಾ?... "ಮಲಗಿದಲ್ಲೇ" ಹೇಳುವಾಗ ಸ್ವರ ಕೆಳಗೆ ಹೋಗ್ತದಾ?... ಹೋಗ್ತದೆ...

ಯಾಕೆ ಅಂತ ನೀವು ಕೇಳುವುದಾ? ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಸೇಫ್ಟಿ ಶೂ ಇತ್ತು. ಕಾಲಿನಿಂದ ಬಿಚ್ಚಿದ್ದು ಅಂತ ಹೇಳಿಯೇ ಕೊಟ್ಟರು. ಮಲಗುವ ಮನುಷ್ಯ ಶೂ ಹಾಕಿ ಮಲಗ್ತಾನಾ? ಅಂಗೈಯ ತೊಗಲು ಎದ್ದು ಬಂದಿತ್ತು. ಹಾಸಿಗೆ ಸುಡ್ತದಾ?... ಸರ್ಟಿಫಿಕೇಟಿನಲ್ಲಿ "ಹೃದಯ ನಿಂತಿತು" ಅಂತ ಉಂಟು, ನೋಡಿದ್ದೇನೆ. ಹೃದಯ ನಿಲ್ಲದೆ ಸಾಯುವವರು ಯಾರಿದ್ದಾರೆ, ಮಾರಾಯ್ರೆ?...

ಆಯ್ತು. ಆಯ್ತು, ಆ ಮಾತು ಬೇಡ. ಖಲಾಸ್...

ಅದು ಗೊತ್ತುಂಟು, ಎಷ್ಟು ಸಲ ಹೇಳ್ತೀರಿ? ಕೆಲಸದ ಜಾಗದಲ್ಲಿ ಸತ್ತರೆ ಕಂಪನಿ ಕೊಡಬೇಕು, ಸಂಘದ ವಿಮೆ ಇಲ್ಲ. ರೂಮಿನಲ್ಲಿ ಸತ್ತರೆ ಸಂಘ ಕೊಡಬೇಕು, ಕಂಪನಿಗೆ ಒಂದು ಚೂರೂ ಬಿಸಿ ತಾಗುವುದಿಲ್ಲ. ಕಂಪನಿಯ ಧಣಿಯೂ ಗುಣಪಾಲಣ್ಣನೇ, ಸಂಘದ ಅಧ್ಯಕ್ಷರೂ ಗುಣಪಾಲಣ್ಣನೇ. ಕಂಪನಿಯ ಗುಣಪಾಲಣ್ಣ ರೂಮಿನಲ್ಲಿ ಅಂದರು, ಸಂಘದ ಗುಣಪಾಲಣ್ಣ ಹೌದು ಅಂದರು. ನಡುವೆ ನನ್ನದೆಂತ ಮಾತು?...

ಒಪ್ಪಿದ್ದೇನೆ. ಒಪ್ಪಿದ್ದೇನೆ ಅಂತ ಹೇಳಿದೆನಲ್ಲ? ಮಗಳು ಸಮೀಕ್ಷಾಳಿಗೋಸ್ಕರ ಒಪ್ಪಿದ್ದು. ನರ್ಸಿಂಗಿಗೆ ಸೇರಿಸಿದ ಹುಡುಗಿಯನ್ನು ಅರ್ಧದಲ್ಲಿ ಬಿಡಿಸಿ ಗೇರುಬೀಜದ ಕಾರ್ಖಾನೆಗೆ ಕಳಿಸುವುದಾ? ಎಲ್ಲಿ ಸತ್ತರು ಅಂತ ಹೇಳಿದರೂ ಇವರು ತಿರುಗಿ ಬರುವುದಿಲ್ಲ. ಬದುಕಿರುವವಳಾದರೂ ಓದಲಿ ಅಂತ...

ಚೆಕ್ಕು ಯಾರ ಕೈಗೆ ಕೊಡುವುದು, ನಾನಿಲ್ಲದೆ?... ರೋಷನನಿಗಾ? ಅದು ಒಳ್ಳೆಯದಾಯಿತು. ಇವರ ಅಕ್ಕನ ಮಗ. ನಮ್ಮ ಅಳಿಯಕಟ್ಟಿನಲ್ಲಿ ಮಾವನದ್ದಕ್ಕೆ ಅಳಿಯನೇ ಕೈಯೊಡ್ಡಬೇಕು, ಅಲ್ವಾ? ಒಳ್ಳೆಯ ಅಂಗಿ ಹಾಕಿಕೊಂಡು ಬಂದಿದ್ದಾನಾ? ಕಂಪನಿಯ ಸ್ಟೋರಿನಲ್ಲಿ ನಟ್ಟು ಬೋಲ್ಟಿನ ನಡುವೆ ಕೂತು ಕೂತು ಅವನ ಅಂಗಿಗೆಲ್ಲ ಗ್ರೀಸೇ...

ಎಂತ ಹೇಳಿದಿರಿ?... ಸ್ಟೋರಿನಲ್ಲಿ ಇಲ್ಲವಾ ಈಗ? ಮತ್ತೆ ಎಲ್ಲಿ?...

ನಿಲ್ಲಿ, ನಿಲ್ಲಿ. ಇನ್ನೊಮ್ಮೆ ಹೇಳಿ. "ಮಾವನ ಜಾಗ ಅಳಿಯನಿಗೆ"... ಇದು ಗುಣಪಾಲಣ್ಣನ ಮಾತಾ? ಇವತ್ತು ವೇದಿಕೆಯಲ್ಲೇ ಹೇಳ್ತಾರಾ? ಹಿರಿಯರ ಕಟ್ಟನ್ನು ಪರದೇಶದಲ್ಲೂ ನಡೆಸಿಕೊಂಡು ಬಂದಿದ್ದೇವೆ ಅಂತ?... ಹೊಡೀತಾರೆ, ಹೊಡೀತಾರೆ, ಯಾಕೆ ಹೊಡೆಯುವುದಿಲ್ಲ? ಚಪ್ಪಾಳೆಗೆ ಬರಗಾಲವಾ...

ಮಾಡು ಹೊದಿಸುವ ಕೆಲಸಕ್ಕಾ? ಯಾವ ಮಾಡು ಜಯಪಾಲಣ್ಣ?... ಇವರನ್ನು ಹತ್ತಿಸಿದ ಅದೇ ಗೋಡೌನಿನ ತಗಡಿನ ಮಾಡಾ? ಅದು ಇನ್ನೂ ಮುಗಿಯಲಿಲ್ವಾ?... ಯಾವಾಗ ಹತ್ತಿಸುವುದು ಅವನನ್ನು?... ನಾಳೆಯಿಂದ. ಮಧ್ಯಾಹ್ನವೂ?...

ಅಲ್ಲ, ಸಂಬಳ ಹೆಚ್ಚಾದ್ದು ಕೇಳಲಿಲ್ಲ ನಾನು. ಮಧ್ಯಾಹ್ನವೂ ಹತ್ತಿಸ್ತೀರಾ ಅಂತ ಕೇಳಿದ್ದು. ಅದನ್ನು ಹೇಳಿ...

"ಅರ್ಜೆಂಟ್ ಇದ್ದರೆ." ಹಾಂ... ಇವರದ್ದೂ ಅರ್ಜೆಂಟೇ ಇದ್ದದ್ದು. ಬೇಸಿಗೆಯ ನಡುಮಧ್ಯಾಹ್ನ ಆಳುಗಳನ್ನು ಬಿಸಿಲಿಗೆ ಹತ್ತಿಸಬಾರದು ಅಂತ ಈ ದೇಶದ ಕಾನೂನೇ ಉಂಟು. ನಮ್ಮ ಬಸ್ಸಿನ ಮಕ್ಕಳಿಗೂ ಗೊತ್ತುಂಟು. ಧಣಿಗೆ ಗೊತ್ತಿಲ್ವಾ?...

ಕೂಗುವುದಿಲ್ಲ ನಾನು. ಅಳುವುದೂ ಇಲ್ಲ. ಲಿಫ್ಟಿನ ಶಬ್ದ ಅದು...

ರೋಷನನಿಗೆ ಫೋನು ಕೊಡಿ ಒಮ್ಮೆ... ವೇದಿಕೆಯಲ್ಲಿ ಕೂರಿಸಿದ್ದೀರಾ? ಅವನ ಮೊಬೈಲು?... ನಿಮ್ಮ ಕಿಸೆಯಲ್ಲಿ. ಹಾಗಾದರೆ ನಾನು ಮೈಕಿನಲ್ಲಿ ಹೇಳಿದ್ದು ಅವನಿಗೆ ಕೇಳ್ತದಲ್ಲ?... ಹಿಂದೆ ಕೂತವರಿಗೂ? ಹುಲಿವೇಷದ ಮಕ್ಕಳಿಗೂ?... ಹಾಂ. ಸಾಕು.

ಇಲ್ಲ ಇಲ್ಲ, ತಪ್ಪುವುದಿಲ್ಲ. "ಮಲಗಿದಲ್ಲೇ" ಅನ್ನುವಲ್ಲಿ ಈ ಸಲ ಸ್ವರ ಕೆಳಗೆ ಹೋಗುವುದಿಲ್ಲ, ನೋಡಿ ಬೇಕಾದರೆ. ಒತ್ತಿ... ಒತ್ತಿ ಜಯಪಾಲಣ್ಣ, ಯಲ್ಲಾ, ಬೇಗ...

ಹಲೋ... ಕೇಳ್ತದಾ? ತಾಸೆ ನಿಂತಿತು... ಎಲ್ಲರಿಗೂ ನಮಸ್ಕಾರ. ನಾನು ಲೋಲಾಕ್ಷಿ, ಕೊರಗಪ್ಪನವರ ಹೆಂಡತಿ... ಚಪ್ಪಾಳೆ ಬೇಡ, ಕೇಳಿ.

ನನ್ನ ಗಂಡ ರೂಮಿನಲ್ಲಿ ಮಲಗಿದಲ್ಲೇ ಸಾಯಲಿಲ್ಲ. ಗುಣಪಾಲಣ್ಣನ ಗೋಡೌನಿನ ಮಾಡಿನ ಮೇಲೆ, ನಡುಮಧ್ಯಾಹ್ನ, ಕಾದ ತಗಡಿನ ಮೇಲೆ ಅಂಗೈ ಊರಿ ಬಿದ್ದು ಸತ್ತರು. ಇಳಿಸಿದವರ ಹೆಸರು ಹೇಳುವುದಿಲ್ಲ, ಅವರ ವೀಸಾವೂ ಅದೇ ಧಣಿಯ ಕೈಯಲ್ಲಿ ಉಂಟು. ಪಿಕಪ್ಪಿನಲ್ಲಿ ಹಾಕಿ ರೂಮಿಗೆ ತಂದು, ಮಂಚದಲ್ಲಿ ಮಲಗಿಸಿ, ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದ್ದು. ಗಡಿಬಿಡಿಯಲ್ಲಿ ಶೂ ಬಿಚ್ಚಲಿಕ್ಕೆ ಮರೆತರು, ಅಷ್ಟೇ...

ಯಾರದು ಎದ್ದದ್ದು? ಕೂತುಕೊಳ್ಳಿ. ಈ ವಿಮೆಗೆ ದುಡ್ಡು ಹಾಕಿದವರು ನೀವು. ಡ್ರೈವರುಗಳು, ಅಡಿಗೆಯವರು, ವೆಲ್ಡರುಗಳು ತಿಂಗಳು ತಿಂಗಳು ಹಾಕಿದ್ದು. ಇವರೂ ಹಾಕಿದ್ದರು, ಊಟ ಬಿಟ್ಟಾದರೂ ಹಾಕಿದ್ದರು. ಧಣಿ ತೆರಬೇಕಾದದ್ದನ್ನು ನಿಮ್ಮ ಕಿಸೆಯಿಂದ ತೆಗೆದು ನನಗೆ ದಾನ ಮಾಡ್ತಾರೆ. ಅವರಿಗೇ ನೀವು ಶಾಲು ಹೊದಿಸ್ತೀರಿ...

ಗೊತ್ತುಂಟು ಜಯಪಾಲಣ್ಣ, ಇನ್ನು ವಿಮೆ ಇಲ್ಲ. ಸಮೀಕ್ಷಾಳಿಗೆ ನಾನು ಹೇಳಿಕೊಳ್ತೇನೆ. ನೀವು ಫೋನಿಂದ ಕೈ ತೆಗೆಯಿರಿ...

ರೋಷನ್! ಕೇಳ್ತದಾ ಮಗಾ? ನಾನು, ಅತ್ತೆ. ನಿನಗೆ ಕೊಟ್ಟ ಮಾವನ ಜಾಗ ಅದೇ ಮಾಡು. ಚೆಕ್ಕು ಅಲ್ಲೇ ಬಿಡು. ವೇದಿಕೆಯಿಂದ ಇಳಿ. ನಾಳೆ ಮಧ್ಯಾಹ್ನ ಅವರು ಏಣಿ ತೋರಿಸಿದರೆ ನೀನು ಹತ್ತ...

ಹಲೋ?... ರೋಷನ್?... ಹಲೋ, ಎಲ್ಲಿಯವರೆಗೆ ಕೇಳಿತು ನಿನಗೆ?... ಹಲೋ...