ಶಿಲ್ಲಾಂಗ್ ತಪ್ಪಿಸಿದ ಟ್ರೆಡ್‌ಮಿಲ್

ದೆಹಲಿಯ ಆಸ್ಪತ್ರೆಯಲ್ಲಿ ಪಕ್ಕದ ಬೆಂಚಿನಿಂದ ಕನ್ನಡ ಕೇಳಿಬಂದಾಗ ಜಲಜಾಕ್ಷಿಯ ಕಿವಿ ನೆಟ್ಟಗಾಯಿತು. ವಾಮನ, ಶೇಷಗಿರಿ ಎಂಬ ಇಬ್ಬರು ಸರ್ಕಾರಿ ಗುಮಾಸ್ತರು.

“ಇಬ್ರಿಗೂ ಶಿಲ್ಲಾಂಗಿಗೆ ವರ್ಗ. ಇಸಿಜಿ ಕೆಟ್ಟಿದ್ದು ನಂದು, ವರ್ಗ ರದ್ದಾಗಿದ್ದು ನಿಂದು!”

“ಇಸಿಜಿ ಮಲಗಿಸಿ ತೆಗೀತಾರೆ ವಾಮನ, ಆಗ ನಂದು ಸರಿಯಿತ್ತು. ಟ್ರೆಡ್‌ಮಿಲ್ ಮೇಲೆ ಓಡಿಸಿದಾಗ ಹೃದಯಕ್ಕೆ ರಕ್ತ ಸಾಲ್ತಿಲ್ಲ ಅಂತ ಗೊತ್ತಾಯ್ತು.”

“ನಾನೂ ಓಡಿದ್ನಲ್ಲ!”

“ನಿನ್ನ ಇಸಿಜಿ ಗೆರೆ ಮೊದಲಿಂದ್ಲೂ ಹಾಗೇ ಇರ್ಬೇಕು. ಎಕೋ ಸ್ಕ್ಯಾನು, ಟ್ರೆಡ್‌ಮಿಲ್ ಎರಡೂ ಚೆನ್ನಾಗಿವೆ ಅಂದ್ರಲ್ಲ ಡಾಕ್ಟ್ರು.”

“ಪುಣ್ಯವಂತ ಕಣಯ್ಯಾ ನೀನು. ಇನ್ನೊಂದ್ಸಲ ಓಡ್ಲಾ?”

“ಶೇಷಗಿರಿ ಜೀ, ಆಂಜಿಯೋಗ್ರಫಿ! ಚಲಿಯೇ!” ಎಂದು ನರ್ಸ್ ಒಳಗೆ ಕರೆದಳು.

ಶೇಷಗಿರಿ ಉಂಗುರ ಬಿಚ್ಚಿ ವಾಮನನ ಅಂಗೈಯಲ್ಲಿಟ್ಟ. “ಮನೇಲಿ ಹೇಳಿಲ್ಲ. ಏನಾದ್ರೂ ಆದ್ರೆ ನೀನೇ ಹೇಳ್ಬೇಕು.”

ವಾಮನ ಮುಷ್ಟಿ ಬಿಗಿಹಿಡಿದು ಅವನ ಜೊತೆಯಲ್ಲೇ ಬಾಗಿಲತನಕ ನಡೆದು ಕೇಳಿದ:

“ಶಿಲ್ಲಾಂಗಲ್ಲಿ ಚಳಿ ತುಂಬಾನಾ ಮಾರಾಯಾ?”