ಎಡಗಡೆ ಸೀಟಿನ ಬ್ರೆಂಡಾ

ಈಗಲೇ ಹೊರಟ್ರಾ? ಸರಿ... ಆದ್ರೆ ಬಂದರಿನ ರಸ್ತೇಲಿ ನನ್ನ ಚಿಕ್ಕಪ್ಪನ ಮಗ ಕ್ಲೈವ್ ಮನೆ ಸಿಗುತ್ತಲ್ಲ, ಅದರ ಮುಂದೆ ಬೂದಿ ಬಣ್ಣದ ಕಾರು ನಿಂತಿರುತ್ತೆ. ಒಳಗೆ ಬಗ್ಗಿ ನೋಡೋಕೆ ಹೋಗ್ಬೇಡಿ. ಯಾಕೆ ಅಂತೀರಾ? ಹಾಗಾದ್ರೆ ಕೂತ್ಕೊಳ್ಳಿ, ಚಹಾ ಇನ್ನೂ ಬಿಸಿ ಇದೆ.

ದೆವ್ವ ಗಿವ್ವ ಅಂದ್ರೆ ನಗೋಳು ನಾನು. ಈ ನ್ಯೂಹೇವನ್‌ನಲ್ಲಿ ಇಷ್ಟು ವರ್ಷ ಮೀನು ಕರಿದು ಮಾರಿದವಳು, ನನ್ನ ಬಾಯಿಗೆ ದೆವ್ವಾನೇ ಹೆದರಬೇಕು. ಆದ್ರೆ ಇದು ನಡೆದದ್ದು.

ನಮ್ಮೋರು ಇಂಗ್ಲೆಂಡಿಂದ ಕಡಲು ದಾಟಿ ಫ್ರಾನ್ಸಿನ ಡಿಯೆಪ್‌ಗೆ ಹೋಗೋದು ಕಾರು ಸಮೇತ, ಹಡಗಲ್ಲಿ. ವೈನು, ಚೀಸು ತುಂಬ್ಕೊಂಡು ಬರ್ತಾರೆ. ನಮ್ಮ ಕಾರಿಗೆ ಸ್ಟೇರಿಂಗ್ ಬಲಕ್ಕೆ. ಆ ದೇಶದಲ್ಲಿ ಓಡಿಸೋದೂ ರಸ್ತೆಯ ಬಲಕ್ಕೆ. ಮುಂದೆ ಲಾರಿ ಇದ್ರೆ ಓಡಿಸೋನಿಗೆ ಎದುರು ಏನೂ ಕಾಣಲ್ಲ. ಎಡಗಡೆ ಕೂತೋರು ಇಣುಕಿ ಹೇಳ್ಬೇಕು: "ತಡಿ" ಅಂತಲೋ, "ಖಾಲಿ ಇದೆ, ಹೋಗು" ಅಂತಲೋ. ಗಂಡ ಹೆಂಡ್ತಿ ಜಗಳ ಆಗೋದೇ ಅಲ್ಲಿ.

ಕ್ಲೈವ್ ಹೆಂಡ್ತಿ ಬ್ರೆಂಡಾ ಸತ್ತದ್ದು ಹಾಗೆ. ಡಿಯೆಪ್ ದಾಟಿದ ಕೂಡಲೇ ಇವನು ಲಾರಿ ಓವರ್‌ಟೇಕ್ ಮಾಡೋಕೆ ಹೋದ, ಎದುರಿನ ವ್ಯಾನು ಅವಳ ಕಡೆಗೇ ಬಡೀತು. "ಖಾಲಿ ಇದೆ ಅಂತ ಅವಳೇ ಅಂದ್ಲು," ಅಂತ ಪೊಲೀಸರಿಗೂ ಹೇಳ್ದ, ಮಗಳು ಟೆಸ್‌ಗೂ ಹೇಳ್ದ. ಟೆಸ್‌ಗೆ ಎಷ್ಟು ಸಿಟ್ಟು ಬಂತು ಅಂದ್ರೆ, ಅಮ್ಮನ ಫೋಟೋನೇ ಗೋಡೆಯಿಂದ ತೆಗೆದಿಟ್ಟಳು. "ಅಮ್ಮಂಗೆ ಎಲ್ಲದ್ರಲ್ಲೂ ಅವಸರ," ಅಂತಿದ್ಲು. ಕ್ಲೈವ್ ತಲೆ ತಗ್ಗಿಸ್ಕೊಂಡು ಕೇಳ್ತಿದ್ದ... ಅವನ ಮುಖ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ.

ಎರಡು ವರ್ಷ ಆದ್ಮೇಲೆ ಟೆಸ್ ಹಟ ಹಿಡಿದ್ಲು, ಆ ಜಾಗದಲ್ಲಿ ಒಂದು ಹೂವಾದ್ರೂ ಇಟ್ಟು ಬರೋಣ ಅಂತ. ಹೊಸ ಕಾರು, ಅದೇ ಬೂದಿ ಬಣ್ಣದ್ದು. ಆದ್ರೂ ಎಡಗಡೆ ಸೀಟು ಅಮ್ಮನ ಜಾಗ ಅಂತ ಖಾಲಿ ಬಿಟ್ಟು ಅವಳು ಹಿಂದೆ ಕೂತ್ಲು, ಹೂವು ತೊಡೆ ಮೇಲೆ. ಡಿಯೆಪ್‌ನಲ್ಲಿ ಹಡಗಿನ ಬಾಗಿಲು ಗರ್ರ್... ಅಂತ ಇಳೀತು. ಕ್ಲೈವ್ ಕಾರು ಚಾಲೂ ಮಾಡಿದ.

ಟಿಂಗ್... ಟಿಂಗ್... ಟಿಂಗ್...

ಬೆಲ್ಟ್ ಹಾಕ್ಕೊಳ್ಳದೆ ಕೂತ್ರೆ ಬಡಿಯುತ್ತಲ್ಲ, ಆ ಗಂಟೆ.

"ನಾನು ಹಾಕ್ಕೊಂಡಿದ್ದೀನಪ್ಪಾ," ಅಂದ್ಲು ಟೆಸ್. ಅವನೂ ಹಾಕ್ಕೊಂಡಿದ್ದ. ಕಾರುಗಳನ್ನ ಹೊರಗೆ ಬಿಡ್ತಿದ್ದ ಹಡಗಿನ ಆಳು ಕಿಟಕಿಗೆ ಬಗ್ಗಿದ. "ಸಾರ್, ಪಕ್ಕದ ಮೇಡಂಗೆ ಬೆಲ್ಟ್ ಹಾಕ್ಕೊಳ್ಳೋಕೆ ಹೇಳಿ."

ಪಕ್ಕದಲ್ಲಿ ಯಾರಿದ್ದಾರೆ?

ಊರು ದಾಟಿದ್ರು. ಕತ್ತಲಾಗ್ತಿತ್ತು, ಮಂಜು ಬೇರೆ. ಮುಂದೆ ಬೀಟ್‌ರೂಟ್ ತುಂಬಿದ ಲಾರಿ ತೆವಳ್ತಿದೆ. ಗಂಟೆ ನಿಂತಿಲ್ಲ. ಕ್ಲೈವ್‌ಗೆ ತಲೆ ಕೆಟ್ಟು, ಬೇಗ ಮುಗಿಸಿಬಿಡೋಣ ಅಂತ ಎಡಕ್ಕೆ ತಿರುಗಿಸಿದ.

"ತಡಿ ಕ್ಲೈವ್..."

ಪಿಸುದನಿ. ಬ್ರೇಕ್ ಕಿರ್ರ್ ಅಂತು. ಎದುರಿಂದ ಟ್ಯಾಂಕರ್ ಒಂದು ಭರ್ರ್... ಅಂತ ಎಡಗನ್ನಡಿ ಸವರ್ಕೊಂಡೇ ಹೋಯ್ತು.

"ಅಪ್ಪಾ... ಅಮ್ಮ ಅಲ್ವಾ ಅದು?"

ಅವನು ಕಾರನ್ನ ಪಕ್ಕಕ್ಕೆ ಹಾಕಿ, ಸ್ಟೇರಿಂಗ್ ಮೇಲೆ ತಲೆ ಇಟ್ಟು ಅತ್ತುಬಿಟ್ಟ. "ಅವತ್ತೂ ಹೀಗೇ ಅಂದ್ಲು ಟೆಸ್. ತಡಿ, ತಡಿ ಅಂತ. ನಾನೇ ಕೇಳಲಿಲ್ಲ. ಆಮೇಲೆ ಸುಳ್ಳು ಹೇಳ್ದೆ. ನಿಮ್ಮಮ್ಮನ್ನ ಕೊಂದದ್ದೂ ನಾನೇ, ಅವಳ ಹೆಸರು ಕೆಡಿಸಿದ್ದೂ ನಾನೇ ಕಣೇ..."

ಟಿಂಗ್... ಟಿಂಗ್... ಟಕ್.

ಗಂಟೆ ನಿಂತ್ಹೋಯ್ತು. ಎಡಗಡೆ ಬೆಲ್ಟ್ ಹಾಕಿತ್ತು.

ಟೆಸ್ ಹೂವನ್ನ ರಸ್ತೇಲಿ ಇಡಲಿಲ್ಲ. ಮುಂದಕ್ಕೆ ಬಾಗಿ ಆ ಸೀಟಿನ ಮೇಲಿಟ್ಟು, "ತಪ್ಪಾಯ್ತಮ್ಮಾ," ಅಂದ್ಲು. ಅಪ್ಪನ ಹತ್ರ ಅವತ್ತಿಂದ ಮಾತಿಲ್ಲ. ಅಮ್ಮನ ಫೋಟೋ ಮತ್ತೆ ಗೋಡೆಗೆ ಬಂದಿದೆ. "ನನಗೆ ಹೀಗೇ ಆಗ್ಬೇಕು," ಅಂತಾನೆ ಕ್ಲೈವ್.

ನಂಬದಿದ್ರೆ ಬಿಡಿ, ನನಗೇನು! ಮೊನ್ನೆ ರಾತ್ರಿ ನಾನೇ ನನ್ನ ಕೈಯಾರೆ ಆ ಬೆಲ್ಟ್ ಬಿಚ್ಚಿ ಬಂದಿದ್ದೆ. ಬೆಳಿಗ್ಗೆ ಹೋಗಿ ನೋಡಿದ್ರೆ ಮತ್ತೆ ಹಾಕಿತ್ತು. ಅದಾದ್ರೂ ಹೋಗ್ಲಿ... ಬೆಲ್ಟು ಸೀಟಿಗೆ ತಾಗಿಲ್ಲ ರೀ. ಇಗೋ, ಇಷ್ಟು ಮುಂದೆ, ಯಾರೋ ಕೂತಿದ್ದ ಹಾಗೆ ನಿಂತಿತ್ತು.